ಬರಿಯ ಬಾಣಗಳು: ಮೈಸೂರಿನ ಹಳೆಯ ಮದ್ದುಗುಂಡುಗಳ ಪುನರುಪಯೋಗ

೧೭೯೯ನೆಯ ಇಸವಿ ಮೇ ೪ನೆಯ ತಾರೀಖು ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯು ಇಂಗ್ಲಿಷರ ವಶವಾದ ಸಂಗತಿಯನ್ನು ವಾಚಕರೆಲ್ಲರೂ ಬಲ್ಲರು. ತರುವಾಯ ಗೆದ್ದವರು ಕೋಟೆಯ ಉಗ್ರಾಣಗಳನ್ನು ತೆರೆಯಿಸಿ, ಅಲ್ಲಿದ್ದ ಯುದ್ಧಸಾಮಗ್ರಿಯನ್ನು ಎಣಿಸಿ ಪಟ್ಟಿಮಾಡಿದರು. ಮೈಸೂರಿನ ಚೀಫ್ ಕಮಿಷನರಾಗಿದ್ದ ಲೆವಿನ್ ಬೌರಿಂಗನು ೧೮೯೩ರಲ್ಲಿ ಪ್ರಕಟಿಸಿದ ಹೈದರ್ ಟಿಪ್ಪುಗಳ ಚರಿತ್ರೆಯಲ್ಲಿ ಆ ಪಟ್ಟಿಯ ಸಾರವು ದೊರೆಯುತ್ತದೆ. ಪಿರಂಗಿಗಳು ೯೨೯; ಪಿರಂಗಿಯ ಗುಂಡುಗಳು ಸುಮಾರು ೪,೨೪,೦೦೦; ಮದ್ದು ೫,೨೦,೦೦೦ ಪೌಂಡು; ಬಂದೂಕು ಮೊದಲಾದ ಕೈಕೋವಿಗಳು ೯೯,೦೦೦. ಇಷ್ಟು ದೊಡ್ಡ ಸಂಖ್ಯೆಗಳ ಮಗ್ಗುಲಲ್ಲಿ ಎದ್ದು ಕಾಣದ ಇನ್ನೊಂದು ಲೆಕ್ಕವುಂಟು. ಕೋಟೆಯಲ್ಲಿ ಸಿಕ್ಕಿದ ಬಾಣಗಳಲ್ಲಿ ಹಾರಿಸುವುದಕ್ಕೆ ಸಿದ್ಧವಾಗಿದ್ದವು ೭೦೦, ಬರಿದಾಗಿದ್ದವು ೯,೦೦೦.

ಇಲ್ಲಿ ಬಾಣವೆಂದರೆ ಬಿಲ್ಲಿನ ಬಾಣವಲ್ಲ. ಕಬ್ಬಿಣದ ಕೊಳವೆಯೊಳಗೆ ಮದ್ದನ್ನು ಗಿಡಿದು, ಅದನ್ನು ಬಿದಿರಿನ ಗಳುವಿಗೆ ಬಿಗಿದು, ಬತ್ತಿಗೆ ಬೆಂಕಿ ಮುಟ್ಟಿಸಿ ಹಾರಿಸುತ್ತಿದ್ದ ಅಗ್ನಿಬಾಣ. ‘ಬಾಣಬಿರುಸು’ ಎಂಬ ನಮ್ಮ ಜೋಡುನುಡಿಯಲ್ಲಿ ಈ ಅರ್ಥವು ಇನ್ನೂ ಉಳಿದಿದೆ. ಹೈದರನ ಕಾಲದಿಂದಲೂ ಮೈಸೂರಿನ ಸೈನ್ಯದಲ್ಲಿ ಬಾಣದವರ ಪ್ರತ್ಯೇಕ ತಂಡಗಳಿದ್ದವು. ಟಿಪ್ಪುವಿನ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೈನಿಕ ನಿಬಂಧದಲ್ಲಿ ಒಂದೊಂದು ಕುಶೂನಿಗೆ ಇನ್ನೂರು ಮಂದಿ ಬಾಣದವರನ್ನು ಗೊತ್ತುಮಾಡಿದೆ. ಬಾಣಗಳನ್ನು ಮಾಡುತ್ತಿದ್ದ ಕೇರಿಗೆ ತಾರಾಮಂಡಲಪೇಟೆಯೆಂದು ಹೆಸರು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಆ ಹೆಸರು ಇಂದಿಗೂ ಬಳಕೆಯಲ್ಲಿರುವುದನ್ನು ಅಲ್ಲಿ ನಡೆದಾಡಿದವರು ಬಲ್ಲರು.

ಈ ಬಾಣಗಳನ್ನು ಕುರಿತು ಬರೆದವರು ಬಹುಮಂದಿ. ಅವರಲ್ಲಿ ಹೆಚ್ಚಿನವರು ೭೦೦ ಮತ್ತು ೯,೦೦೦ಗಳನ್ನು ಕೂಡಿಸಿ ೯,೭೦೦ ಎಂದು ಹೇಳಿ ಮುಂದೆ ಸಾಗುವರು. ಕೆಲವರು ಎರಡನೆಯ ಸಂಖ್ಯೆಯನ್ನು ಟಿಪ್ಪುವಿನ ಕಡೆಗಾಲದ ಬಡತನಕ್ಕೆ ಸಾಕ್ಷಿಯೆಂದು ಎಣಿಸುವರು. ಮದ್ದು ತುಂಬುವುದಕ್ಕೂ ಗತಿಯಿಲ್ಲದೆ ಕೊಳವೆಗಳು ಬರಿದಾಗಿದ್ದವು ಎಂಬುದು ಇವರ ಅಭಿಪ್ರಾಯ. ಇದು ನಿಲ್ಲುವ ಮಾತಲ್ಲ. ಒಂದು ಬಾಣಕ್ಕೆ ಸುಮಾರು ಒಂದು ಪೌಂಡು ಮದ್ದು ಹಿಡಿಯುತ್ತಿತ್ತೆಂದು ಹೇಳಿದೆ. ಒಂಬತ್ತು ಸಾವಿರ ಬಾಣಗಳಿಗೆ ಒಂಬತ್ತು ಸಾವಿರ ಪೌಂಡು ಸಾಕು. ಕೋಟೆಯಲ್ಲಿ ಸಿಕ್ಕಿದ ಮದ್ದಿನಲ್ಲಿ ಅದು ನೂರಕ್ಕೆ ಎರಡು ಪಾಲಿಗಿಂತಲೂ ಕಡಮೆ. ಬಾಣದ ಮದ್ದಿನ ಪಾಕವು ಪಿರಂಗಿಯ ಮದ್ದಿನ ಪಾಕಕ್ಕಿಂತ ಬೇರೆಯೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ, ಬಾಣದ ಮದ್ದು ನಿಧಾನವಾಗಿ ಉರಿಯಬೇಕು. ಆದರೆ ಪದಾರ್ಥಗಳು ಮೂರೂ ಒಂದೇ. ಅಳತೆ ಮಾತ್ರ ವ್ಯತ್ಯಾಸ. ಮದ್ದಿನ ಕೊರತೆಯಿಂದ ಕೊಳವೆಗಳು ಬರಿದಾಗಿರಲಿಲ್ಲ. ಬೇಕೆಂದೇ ಅವುಗಳನ್ನು ಬರಿದಾಗಿ ಇಟ್ಟಿದ್ದರೆಂಬುದು ನಮ್ಮ ಅಭಿಪ್ರಾಯ. ಅದನ್ನು ಸಾಧಿಸಬೇಕಾದರೆ ಬಾಣದ ಅಂಗಗಳನ್ನು ಒಂದೊಂದಾಗಿ ನೋಡಬೇಕು.

ಕೊಳವೆಯು ಕುಲುಮೆಯಲ್ಲಿ ಬಡಿದು ಮಾಡಿದ ಕಬ್ಬಿಣದ್ದು. ಉದ್ದ ಸುಮಾರು ಎಂಟು ಅಂಗುಲ. ಅಡ್ಡಳತೆ ಒಂದೂವರೆಯಿಂದ ಮೂರು ಅಂಗುಲ. ಒಂದು ತುದಿ ಮುಚ್ಚಿರುವುದು. ಅದೇ ಕಾಲದಲ್ಲಿ ಯೂರೋಪಿನ ಬಿರುಸುಗಳ ಕೊಳವೆಗಳು ಸಾಮಾನ್ಯವಾಗಿ ಕಾಗದದವು; ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಹೆಚ್ಚು ಒತ್ತಿ ತುಂಬಬಹುದಾದುದರಿಂದಲೇ ಮೈಸೂರಿನ ಬಾಣವು ಅಷ್ಟು ದೂರ ಹಾರುತ್ತಿತ್ತು. ಗಳುವು ಬಿದಿರಿನದು, ನಾಲ್ಕು ಅಡಿಗೆ ಹೆಚ್ಚುಕಡಮೆ, ಕಟ್ಟುವುದಕ್ಕೆ ತೊಗಲಿನ ಪಟ್ಟಿ. ಒಳಗೆ ಮದ್ದು. ಈ ನಾಲ್ಕರ ಆಯುಸ್ಸು ಒಂದೇ ಸಮನಲ್ಲ. ಕಬ್ಬಿಣವು ಒಣಗಿದ ಉಗ್ರಾಣದಲ್ಲಿ ತಲೆಮಾರುಗಟ್ಟಲೆ ಬಾಳುತ್ತದೆ. ಬಿದಿರಿಗೆ ಹುಳು ಬೀಳುತ್ತದೆ. ತೊಗಲು ಒಣಗಿ ಬಿರಿಯುತ್ತದೆ. ಇವೆರಡನ್ನೂ ಯಾವ ಊರಿನಲ್ಲಾದರೂ ಅಗ್ಗವಾಗಿ ಪಡೆಯಬಹುದು. ಮದ್ದಿನ ಆಯುಸ್ಸೇ ಎಲ್ಲಕ್ಕಿಂತ ಅನಿಶ್ಚಿತವಾದುದು.

‘ಮದ್ದು’ ಎಂಬ ಶಬ್ದವನ್ನು ಕುರಿತು ಇಲ್ಲಿ ಒಂದು ಮಾತು ಹೇಳಬಹುದು. ಔಷಧಕ್ಕೂ ಕೋವಿಯ ಪುಡಿಗೂ ನಾವು ಒಂದೇ ಹೆಸರನ್ನು ಇಟ್ಟಿದ್ದೇವೆ. ತೆಲುಗಿನ ಮಂದು, ತಮಿಳಿನ ಮರುಂದು, ಪಾರಸಿಯ ದಾರೂ ಎಂಬಿವೂ ಹೀಗೆಯೇ ಎರಡರ್ಥವುಳ್ಳವು. ಅರೆದು, ಕುಟ್ಟಿ, ಅಳೆದು, ಬೆರಸಿ ಮಾಡುವ ಪದಾರ್ಥವೆಂಬುದೇ ಈ ಸಾಮ್ಯಕ್ಕೆ ಕಾರಣವಾಗಿರಬೇಕು. ವೈದ್ಯನ ಚೂರ್ಣದಂತೆ ಈ ಚೂರ್ಣವೂ ಕೆಡುತ್ತದೆ. ಇದರ ಮೂರು ಪದಾರ್ಥಗಳಲ್ಲಿ ಇದ್ದಲು ಎಲ್ಲೆಲ್ಲಿಯೂ ದೊರೆಯುವುದು. ಗಂಧಕವು ಮೈಸೂರಿನ ನೆಲದಲ್ಲಿ ಹುಟ್ಟುವುದಲ್ಲ; ಹೊರಗಿನಿಂದ ಬರಬೇಕು. ಮೂರನೆಯದು ಪೆಟ್ಲುಪ್ಪು. ಪೆಟ್ಲಿಗೆ ಬೇಕಾದ ಉಪ್ಪು ಎಂದು ನಮ್ಮವರು ಎಷ್ಟು ನೇರವಾಗಿ ಹೆಸರಿಟ್ಟಿದ್ದಾರೆ ನೋಡಿ. ಹಳೆಯ ಗೋಡೆಯ ಬುಡ, ದನದ ಕೊಟ್ಟಿಗೆ ಮುಂತಾದೆಡೆಗಳ ಚೌಳುಮಣ್ಣನ್ನು ನೀರಿನಲ್ಲಿ ಕಲಸಿ, ತಿಳಿಯನ್ನು ಬಸಿದು, ಕಾಯಿಸಿ, ಆರಿಸಿ ಹರಳುಗಟ್ಟಿಸುವ ಕೆಲಸ ಅದು. ಮಣ್ಣಿನಿಂದ ಉಪ್ಪು ತೆಗೆಯುವುದನ್ನು ಕಸಬಾಗಿ ಉಳ್ಳ ಉಪ್ಪಾರರಿಗೆ ಹೆಸರು ಬಂದುದೇ ಉಪ್ಪಿನಿಂದ.

ಪೆಟ್ಲುಪ್ಪಿನಲ್ಲಿ ಅಡಿಗೆಯ ಉಪ್ಪಿನ ಅಂಶವು ಸ್ವಲ್ಪ ಉಳಿದುಬಿಟ್ಟರೂ ಅದು ಮಳೆಗಾಲದ ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಗ ಮದ್ದು ಗಂಟುಕಟ್ಟುವುದು, ಪದಾರ್ಥಗಳು ಒಂದರಿಂದೊಂದು ಬೇರ್ಪಡುವುವು, ಹೊತ್ತಿದರೂ ಬಲವಿರುವುದಿಲ್ಲ. ಪೀಪಾಯಿಗಳಲ್ಲಿರುವ ಮದ್ದನ್ನಾದರೆ ಆಗಾಗ ತಿರುವಿ, ಬಿಸಿಲಿಗೆ ಹರವಿ, ಕೆಟ್ಟುದನ್ನು ಮತ್ತೆ ಅರೆದು ಸರಿಪಡಿಸಬಹುದು. ಪೂರಾ ಕೆಟ್ಟುಹೋದ ಮದ್ದೂ ವ್ಯರ್ಥವಲ್ಲ. ಮೂರರಲ್ಲಿ ಪೆಟ್ಲುಪ್ಪು ಒಂದೇ ನೀರಿನಲ್ಲಿ ಕರಗುವುದು. ಆದಕಾರಣ ಹಳೆಯ ಮದ್ದಿನಿಂದ ಬೆಲೆಯುಳ್ಳ ಆ ಭಾಗವನ್ನು ಬೇರೆಮಾಡಿಕೊಳ್ಳುವುದು ಎಲ್ಲ ದೇಶಗಳ ಮದ್ದಿನ ಕಾರಖಾನೆಗಳಲ್ಲಿಯೂ ವಾಡಿಕೆಯ ಕೆಲಸವಾಗಿತ್ತು. ಬಾಣದ ಕೊಳವೆಯೊಳಗೆ ಗಿಡಿದ ಮದ್ದಿಗಾದರೋ ಈ ಆರೈಕೆ ಸಾಧ್ಯವಿಲ್ಲ. ಅದನ್ನು ತಿರುವುವಂತಿಲ್ಲ, ಹರವುವಂತಿಲ್ಲ. ಒಳಗೆ ಒಡಕು ಬಿಟ್ಟರೆ ಹೊರಗೆ ಕಾಣುವುದಿಲ್ಲ. ಹಾಗೆ ಒಡಕುಬಿಟ್ಟ ಬಾಣವು ಹಾರುವುದರ ಬದಲು ಹಚ್ಚಿದವನ ಕೈಯಲ್ಲಿಯೇ ಸಿಡಿಯುವ ಸಂಭವವುಂಟು. ಆದುದರಿಂದ ತಿಳಿದವನಾದ ಉಗ್ರಾಣಾಧಿಕಾರಿಯು ಕಬ್ಬಿಣವನ್ನು ಕಬ್ಬಿಣವಾಗಿಯೂ ಮದ್ದನ್ನು ಮದ್ದಾಗಿಯೂ ಇಟ್ಟು, ಬೇಕಾದಾಗ ಬೇಕಾದಷ್ಟನ್ನೇ ತುಂಬಿಸುವನು. ಏಳುನೂರು ಸಿದ್ಧ, ಒಂಬತ್ತು ಸಾವಿರ ಬರಿದು ಎಂಬ ಲೆಕ್ಕವು ಈ ವ್ಯವಸ್ಥೆಗೆ ಸರಿಯಾಗಿ ಹೊಂದುತ್ತದೆ.

ಇದಕ್ಕೆ ಮುತ್ತಿಗೆಯ ಕಾಲದ ಒಂದು ಘಟನೆಯೂ ಸಮರ್ಥಕವಾಗಿದೆ. ಕೋಟೆ ಬೀಳುವುದಕ್ಕೆ ಎರಡು ದಿನ ಮುಂಚೆ, ಮೇ ೨ರಂದು, ಇಂಗ್ಲಿಷರ ಗುಂಡೊಂದು ಕೋಟೆಯೊಳಗೆ ಬಾಣಗಳನ್ನಿಟ್ಟಿದ್ದ ಉಗ್ರಾಣಕ್ಕೆ ತಾಗಿ, ಅದು ಭಯಂಕರವಾಗಿ ಸಿಡಿಯಿತು. ಕರಿಯ ಹೊಗೆಯ ನಡುವೆ ಬಿಳಿಯ ಬೆಂಕಿಯ ಜಡಿಮಳೆ ಎದ್ದುದನ್ನು ಹೊರಗಿದ್ದವರು ವರ್ಣಿಸಿದ್ದಾರೆ. ತುಂಬಿದ ಬಾಣಗಳನ್ನು ಒಂದೆಡೆ ರಾಶಿಹಾಕಿದರೆ ಆಗುವುದು ಇದೇ. ಸಿದ್ಧವಾಗಿದ್ದ ಬಾಣಗಳಲ್ಲಿ ಎಷ್ಟೋ ಭಾಗ ಅಂದೇ ಸುಟ್ಟುಹೋಗಿರಬೇಕು. ಮುತ್ತಿಗೆಯ ದಿನಗಳಲ್ಲಿ ಹಾರಿಸಿದ್ದವು ಬೇರೆ. ೭೦೦ ಎಂಬುದು ಹೀಗೆ ಉಳಿದ ಶೇಷ. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೆಲದಲ್ಲಿ ಅರ್ಧ ಹೂತು, ಇಟ್ಟಿಗೆ ಗಾರೆಗಳಿಂದ ದಪ್ಪವಾಗಿ ಕಟ್ಟಿ, ಒಂದರಿಂದೊಂದು ದೂರವಿರಿಸಿದುದಕ್ಕೆ ಕಾರಣವೂ ಈ ಭಯವೇ. ಅಂಥ ಮನೆಯೊಂದು ಜೋಡಿ ರೈಲುಹಾದಿಗೆ ಅಡ್ಡವಾಗಿದ್ದುದರಿಂದ, ೨೦೧೭ರಲ್ಲಿ ಅದನ್ನು ಕೆಡವದೆ ಇಡಿಯಾಗಿಯೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಕಟ್ಟಿದವರ ಗಾರೆಯ ಬಿಗಿಗೆ ಇದಕ್ಕಿಂತ ಪ್ರಮಾಣಪತ್ರ ಬೇಕಿಲ್ಲ.

ಬಾಣಕ್ಕೆ ಹೇಳಿದ ಮಾತು ಗುಂಡಿಗೂ ತೋಟಕ್ಕೂ ಸಲ್ಲುವುದು. ಹಾರಿಹೋದ ಪಿರಂಗಿಗುಂಡು ಬಿದ್ದಲ್ಲಿಯೇ ಇರುತ್ತದೆ. ಅಳತೆ ಹೊಂದಿದರೆ ಶತ್ರುವಿನ ಗುಂಡನ್ನೇ ಎತ್ತಿ ಶತ್ರುವಿಗೆ ತಿರುಗಿ ಕೊಡಬಹುದು. ೧೮೫೭ರಲ್ಲಿ ದೆಹಲಿಯನ್ನು ಮುತ್ತಿದ್ದ ಇಂಗ್ಲಿಷರಿಗೆ ದೊಡ್ಡ ಪಿರಂಗಿಯ ಗುಂಡುಗಳು ಸಾಲದೆಹೋದಾಗ, ಒಳಗಿನವರು ಹಾರಿಸಿದ ೨೪ ಪೌಂಡಿನ ಗುಂಡನ್ನು ಆಯ್ದು ತಂದವರಿಗೆ ಒಂದೊಂದಕ್ಕೆ ಅರ್ಧ ರೂಪಾಯಿ ಕೊಡುತ್ತಿದ್ದರು. ಬಂದೂಕಿನ ತೋಟವು ಆ ಕಾಲದಲ್ಲಿ ಕಾಗದದ ಸುರುಳಿ. ಅದರೊಳಗೆ ಒಂದು ಸೀಸದ ಗುಂಡು, ಒಂದು ಸಲದ ಮದ್ದು. ಹಳೆಯದಾದ ತೋಟಗಳನ್ನು ಬಿಚ್ಚಿ, ಮದ್ದನ್ನು ಅರೆಯುವ ಮನೆಗೂ ಸೀಸವನ್ನು ಎರಕದ ಮನೆಗೂ ಒಪ್ಪಿಸುವುದು ಆಗಿನ ಸೇನೆಗಳ ಉಗ್ರಾಣಗಳಲ್ಲಿ ನಿತ್ಯದ ದುಡಿಮೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಗದದ ಸ್ಥಾನಕ್ಕೆ ಹಿತ್ತಾಳೆ ಬಂದ ಮೇಲೂ ಈ ಕ್ರಮ ತಪ್ಪಲಿಲ್ಲ. ಚಾಂದಮಾರಿಯ ಬಯಲಿನಲ್ಲಿ ಉದುರಿದ ಹಿತ್ತಾಳೆಯ ಬರಿಕೋಶಗಳನ್ನು ಎಣಿಸಿ ಉಗ್ರಾಣಕ್ಕೆ ಒಪ್ಪಿಸಬೇಕು. ಮಲೆನಾಡಿನಲ್ಲಿ ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂಬ ಭೇದವನ್ನು ಹೇಳುವವರಿಗೆ, ಖಾಲಿಯಾದ ತೋಟಾವನ್ನು ಬಿಸಾಡದೆ ಜೋಪಾನಮಾಡಿ ಮತ್ತೆ ತುಂಬುತ್ತಿದ್ದ ಶಿಕಾರಿಯವರ ಕಥೆಗಳು ಅಪರಿಚಿತವಲ್ಲ. ಕಬ್ಬಿಣದ ಕೊಳವೆಯ ಧರ್ಮವೇ ಹಿತ್ತಾಳೆಯ ಕೋಶದ ಧರ್ಮವೂ ಆಯಿತು. ಇವುಗಳಲ್ಲಿ ಉರಿದುಹೋಗುವುದು ಮದ್ದೊಂದೇ. ಉಳಿದುದೆಲ್ಲ ಮುಂದಿನ ಸಲಕ್ಕೆ ಕಾದಿಟ್ಟ ಬಂಡವಾಳ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಶಿವಮೊಗ್ಗ ಜಿಲ್ಲೆಯ ನಗರಕ್ಕೆ ಹೋಗೋಣ. ಹೊಸನಗರ ತಾಲ್ಲೂಕಿನ ಈ ಊರು ಕೆಳದಿಯ ಅರಸರ ಬಿದನೂರು. ೧೭೬೩ರಲ್ಲಿ ಹೈದರನು ಇದನ್ನು ಗೆದ್ದು ಹೈದರ್‌ನಗರವೆಂದು ಕರೆದು, ಇಲ್ಲಿ ಟಂಕಸಾಲೆಯನ್ನೂ ಆಯುಧಗಳ ದೊಡ್ಡ ಕಾರಖಾನೆಯನ್ನೂ ಇಟ್ಟನು. ೧೭೮೩ರಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಇದನ್ನು ಹಿಡಿದನು. ಕೆಲವೇ ತಿಂಗಳುಗಳಲ್ಲಿ ಟಿಪ್ಪು ಬಂದು ಮರಳಿ ಪಡೆದನು. ಮಳೆಯ ವಿಷಯವನ್ನು ಆ ಸೀಮೆಯಲ್ಲಿ ಒಂದು ಆಷಾಢ ಕಳೆದವರಿಗೆ ಹೇಳಬೇಕಾದುದಿಲ್ಲ. ೨೦೦೨ರಲ್ಲಿ ಇಲ್ಲಿಯ ಒಂದು ಪಾಳುಬಾವಿಯ ಹೂಳೆತ್ತುವಾಗ ಸುಮಾರು ೧೬೦ ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಪಿರಂಗಿಯ ಸಿಡಿಗುಂಡುಗಳೆಂದು ಭಾವಿಸಲ್ಪಟ್ಟು ಶಿವಮೊಗ್ಗದ ವಸ್ತುಸಂಗ್ರಹಾಲಯವನ್ನು ಸೇರಿದವು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅದೇ ಹೆಸರಿನಲ್ಲಿದ್ದು, ೨೦೧೩ರಲ್ಲಿ ನಡೆದ ಪರಿಶೀಲನೆಯಿಂದ ಅವು ಮೈಸೂರಿನ ಬಾಣಗಳೆಂದು ತಿಳಿಯಬಂದಿತು. ೨೦೧೮ರ ಜುಲೈ ತಿಂಗಳಲ್ಲಿ ಪ್ರಾಚ್ಯವಸ್ತು ಇಲಾಖೆಯವರು ಅದೇ ಬಾವಿಯನ್ನು ಮತ್ತೆ ಅಗೆಯಿಸಿದರು. ಹದಿನೈದು ಮಂದಿ ಮೂರು ದಿನ ದುಡಿದರು. ಸಾವಿರಕ್ಕೂ ಹೆಚ್ಚು ಬಾಣಗಳು ರಾಶಿರಾಶಿಯಾಗಿ ಮೇಲಕ್ಕೆ ಬಂದವು. ಉದ್ದ ೨೩ರಿಂದ ೨೬ ಸೆಂಟಿಮೀಟರು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿತ್ತೆಂದು ಅಗೆದವರು ಹೇಳಿದ್ದಾರೆ.

ಆ ವಾಸನೆಯಲ್ಲಿಯೇ ವಿಷಯದ ಮರ್ಮವಿದೆ. ನಗರದ ಬಾಣಗಳು ಬರಿದಾದವಲ್ಲ, ತುಂಬಿದವು. ಶ್ರೀರಂಗಪಟ್ಟಣದಲ್ಲಿ ಬರಿಯ ಕೊಳವೆಗಳನ್ನು ಉಗ್ರಾಣದಲ್ಲಿಟ್ಟು ಕಾಪಾಡಿದರು. ಇಲ್ಲಿ ತುಂಬಿದ ಕೊಳವೆಗಳು ಬಾವಿಯ ಪಾಲಾದವು. ಇದು ಯುದ್ಧಕ್ಕಾಗಿ ಕೂಡಿಟ್ಟ ದಾಸ್ತಾನೆಂದು ಆ ಸಮಯದಲ್ಲಿ ಪತ್ರಿಕೆಗಳು ಬರೆದವು. ಬಾವಿಯು ದಾಸ್ತಾನಿನ ಜಾಗವೆಂಬುದನ್ನು ನಾವು ಒಪ್ಪಲಾರೆವು. ಮದ್ದನ್ನು ಕೆಡಿಸಬೇಕೆಂಬುವನಿಗೆ ಮಲೆನಾಡಿನ ಬಾವಿಗಿಂತ ತಕ್ಕ ಸ್ಥಳವಿಲ್ಲ. ಉಳಿಸಬೇಕೆಂಬುವನಿಗೆ ಅದಕ್ಕಿಂತ ಕೆಟ್ಟ ಸ್ಥಳವೂ ಇಲ್ಲ. ಶತ್ರುವಿನ ಕೈಗೆ ಸಿಕ್ಕದಿರಲೆಂದು ಬಿಟ್ಟುಹೋಗುವವರು ಹಾಕಿರಬಹುದು. ಇಲ್ಲವೆ ಕೆಟ್ಟು ಅಪಾಯಕರವಾದುವೆಂದು ಉಗ್ರಾಣದವರೇ ಮುಳುಗಿಸಿರಬಹುದು. ಎರಡನೆಯ ಪಕ್ಷದ ಕಡೆಗೆ ನಮ್ಮ ಒಲವು ಹೆಚ್ಚು. ಕೊಳವೆಯೊಳಗೆ ಗಟ್ಟಿಕಟ್ಟಿದ ಹಳೆಯ ಮದ್ದನ್ನು ಕೆರೆದು ತೆಗೆಯುವುದೆಂದರೆ ಕಬ್ಬಿಣಕ್ಕೆ ಕಬ್ಬಿಣವನ್ನು ಉಜ್ಜುವುದು. ಒಂದು ಕಿಡಿ ಸಾಕು. ಒಂದು ಕೊಳವೆಯ ಬೆಲೆಗೆ ಒಬ್ಬ ಆಳಿನ ಪ್ರಾಣವನ್ನು ಒಡ್ಡುವ ಅಧಿಕಾರಿಯು ಕ್ರೂರನಲ್ಲದಿದ್ದರೂ ಮೂರ್ಖನು. ಬಿಚ್ಚಿ ಮರಳಿ ಬಳಸುವ ಚಕ್ರದಿಂದ ಹೊರಬಿದ್ದ ವಸ್ತುಗಳು ಇವು.

ಹಾಗಾದರೆ ಶ್ರೀರಂಗಪಟ್ಟಣದ ಆ ಒಂಬತ್ತು ಸಾವಿರ ಎಲ್ಲಿ? ಕೆಲವು ಬಾಣಗಳು ಇಂಗ್ಲೆಂಡಿಗೆ ಹೋದವು. ಅಲ್ಲಿಯ ವುಲಿಚ್ ಆಯುಧಶಾಲೆಯಲ್ಲಿ ಅವುಗಳ ಪರೀಕ್ಷೆ ನಡೆಯಿತು. ವಿಲಿಯಂ ಕಾಂಗ್ರೀವನು ಅವುಗಳಿಂದ ಪ್ರೇರಿತನಾಗಿ ಮಾಡಿದ ಬಾಣಗಳು ೧೮೦೬ರಲ್ಲಿ ಬೊಲೋನ್ ಪಟ್ಟಣದ ಮೇಲೆಯೂ ೧೮೦೭ರಲ್ಲಿ ಕೋಪನ್‌ಹೇಗನ್ ನಗರದ ಮೇಲೆಯೂ ಬಿದ್ದವು. ಇದು ಪ್ರಸಿದ್ಧವಾದ ಕಥೆ. ವುಲಿಚ್ಚಿನ ಸಂಗ್ರಹಕ್ಕೆ ಸೇರಿದ ಎರಡು ಬಾಣಗಳನ್ನೇ ವಿದ್ವಾಂಸರು ಬಹುಕಾಲ ಆಧಾರಮಾಡಿಕೊಂಡು ಬರೆಯುತ್ತಿದ್ದರು. ಮಿಕ್ಕ ಸಾವಿರಾರು ಕೊಳವೆಗಳ ಗತಿಯನ್ನು ಊಹಿಸುವುದು ಕಷ್ಟವಲ್ಲ. ಒಳ್ಳೆಯ ಬಡಿಗಬ್ಬಿಣವು ಯಾವ ಹಳ್ಳಿಯ ಕಮ್ಮಾರನಿಗೂ ಬೇಡವಾದುದಲ್ಲ. ಮದ್ದಿಲ್ಲದ ಕೊಳವೆಯಿಂದ ಯಾರಿಗೂ ಹೆದರಿಕೆಯಿಲ್ಲ. ಅದು ಕುಡುಗೋಲಾಗಬಹುದು, ಗುಳವಾಗಬಹುದು, ಬಂಡಿಯ ಕಡಾಣಿಯಾಗಬಹುದು.

ಆ ಕಾಲವೇ ಹಾಗಿತ್ತು. ಕಬ್ಬಿಣಕ್ಕೆ ಮಾತ್ರವಲ್ಲ, ಕಲ್ಲಿಗೂ ಇದೇ ನ್ಯಾಯ. ಟಿಪ್ಪುವು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಒಂದು ಮೈಲಿ ಪೂರ್ವಕ್ಕೆ ಸಾಗಿಸಿ ನಜರಬಾದು ಎಂಬ ಕೋಟೆಯನ್ನು ಕಟ್ಟಲಾರಂಭಿಸಿದನು. ೧೭೯೯ರಲ್ಲಿ ಅವನು ಮಡಿದು, ಜೂನ್ ೩೦ರಂದು ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾದ ಮೇಲೆ, ಅವೇ ಕಲ್ಲುಗಳನ್ನು ಮತ್ತೆ ಹೊತ್ತು ತಂದು ಹಳೆಯ ಸ್ಥಳದಲ್ಲಿಯೇ ಕೋಟೆಯನ್ನು ಕಟ್ಟಿದರು. ಇಂದು ಮೈಸೂರು ನಗರದಲ್ಲಿ ನಜರಬಾದೆಂಬುದು ಒಂದು ಬಡಾವಣೆಯ ಹೆಸರು. ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯ ತೊಲೆಗಳು ನೀಲಗಿರಿಯನ್ನೇರಿ ಉದಕಮಂಡಲದ ಸಂತ ಸ್ಟೀಫನ್ನರ ಇಗರ್ಜಿಗೆ ಮಾಡಾದವು.

ಚರಿತ್ರಕಾರರು ಇಲ್ಲಿ ಎಚ್ಚರದಿಂದಿರಬೇಕೆಂಬುದೇ ಪ್ರಕೃತ ಲೇಖನದ ಉದ್ದೇಶ. ಉಳಿದು ಬಂದ ವಸ್ತುಗಳನ್ನು ಎಣಿಸಿ ಹಿಂದಿನವರ ಶಕ್ತಿಯನ್ನು ಅಳೆಯುವುದು ನಮ್ಮ ಅಭ್ಯಾಸ. ಬಾಣದ ವಿಷಯದಲ್ಲಿ ಈ ಅಳತೆಗೋಲು ತಲೆಕೆಳಗಾಗಿದೆ. ಬಳಕೆಗೆ ಬರುವಂಥ ಕೊಳವೆಗಳು ಬಳಕೆಯಾಗಿ ಕರಗಿಹೋದವು. ಯಾರಿಗೂ ಬೇಡವಾಗಿ ಬಾವಿಗೆ ಬಿದ್ದವು ನಮಗೆ ಸಿಕ್ಕಿದವು. ೨೦೧೮ಕ್ಕೆ ಮುಂಚೆ ನಗರದ ರಾಶಿಯೂ ಇಲ್ಲದಿದ್ದಾಗ, ಮೈಸೂರಿನ ಬಾಣವು ಕೈಬೆರಳೆಣಿಕೆಯ ಅಪೂರ್ವ ವಸ್ತುವೆಂದೂ, ಕೆಲವು ಚತುರ ಕಮ್ಮಾರರ ಕೈಚಳಕವೆಂದೂ ತೋರುತ್ತಿದ್ದುದು ಸಹಜವೇ. ಆದರೆ ಒಂಬತ್ತು ಸಾವಿರ ಬರಿಯ ಕೊಳವೆಗಳನ್ನು ಬೇರೆಯಾಗಿ ಇಟ್ಟು, ಮದ್ದನ್ನು ಬೇರೆ ಮನೆಗಳಲ್ಲಿಟ್ಟು, ಬೇಕಾದಾಗ ಕೂಡಿಸುತ್ತಿದ್ದ ಉಗ್ರಾಣವು ಕೈಚಳಕದ ಮಾತಲ್ಲ. ಅಳತೆ, ಲೆಕ್ಕ, ಪಾರುಪತ್ಯಗಳ ಮಾತು. ದರಿಯಾ ದೌಲತ್ತಿನ ಗೋಡೆಯಲ್ಲಿ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನೋಡಿ, ಮದ್ದಿನ ಬಂಡಿ ಸಿಡಿಯುವ ಭಾಗದಲ್ಲಿ ಕಣ್ಣು ನಿಲ್ಲಿಸುವವರು ಬಹಳ. ಆ ಚಿತ್ರದಲ್ಲಿ ಕಾಣದ ಉಗ್ರಾಣದ ಗುಮಾಸ್ತೆಯನ್ನೂ ನೆನೆಯುವುದು ನ್ಯಾಯ.

ಮೈಸೂರು ನಗರದಲ್ಲಿ ಈ ಹಳೆಯ ಕ್ರಮದ ಒಂದು ಎಳೆ ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ವಿಜಯದಶಮಿಯ ದಿವಸ ಜಂಬೂಸವಾರಿಯ ಹೊತ್ತಿಗೆ ಅರಮನೆಯ ಬಳಿ ಏಳು ಪಿರಂಗಿಗಳಿಂದ ಇಪ್ಪತ್ತೊಂದು ಕುಶಾಲತೋಪುಗಳು ಹಾರುವುವು. ಹಬ್ಬಕ್ಕೆ ಮುಂಚೆ ಪೋಲೀಸು ಆಳುಗಳು ಈ ಪಿರಂಗಿಗಳನ್ನು ಒರಸಿ, ಅವುಗಳ ಮುಂದೆ ತಾಲೀಮು ನಡೆಸುವರು. ತೋಪು ಹಾರಿದೊಡನೆ ಬಾಯೊಳಗೆ ಒದ್ದೆಯ ಒರಸುಗೋಲನ್ನಾಡಿಸಿ, ಕೆಂಡದ ಚೂರೂ ಉಳಿಯದಂತೆ ನೋಡಿಕೊಂಡು, ಮತ್ತೊಂದು ಚೀಲದ ಮದ್ದನ್ನು ಗಿಡಿಯುವರು. ಲೋಹವು ಹಳೆಯದು, ಮದ್ದು ಆ ದಿನದ್ದು.

ಕಡೆಯದಾಗಿ ನಗರ, ಹೊಸನಗರ, ಚಿತ್ರದುರ್ಗ, ಶ್ರೀರಂಗಪಟ್ಟಣಗಳ ಸುತ್ತಿನ ಉಪಾಧ್ಯಾಯರಲ್ಲಿ ಒಂದು ಪ್ರಾರ್ಥನೆ. ಗೇಣುದ್ದದ, ಒಂದು ತುದಿ ಮುಚ್ಚಿದ ತುಕ್ಕುಗಬ್ಬಿಣದ ಕೊಳವೆಯನ್ನು ಹುಡುಗರು ತಂದು ತೋರಿಸಿದರೆ, ಅದು ಗುಜರಿಯ ತಕ್ಕಡಿಗೆ ಹೋಗದಂತೆ ತಡೆದು, ಪ್ರಾಚ್ಯವಸ್ತು ಇಲಾಖೆಗೆ ತಿಳಿಸಬೇಕು. ಸಿಕ್ಕಿದ ಸ್ಥಳ, ಆಳ, ಸುತ್ತಲಿನ ಮಣ್ಣಿನ ಬಣ್ಣಗಳನ್ನು ಬರೆದಿಟ್ಟರೆ ಇನ್ನೂ ಉಪಕಾರ. ಒಳಗೇನಿದೆಯೆಂದು ಕೆರೆದು ನೋಡಬಾರದು, ಒಲೆಯ ಬಳಿ ಒಣಗಿಸಬಾರದು. ಎರಡು ಶತಮಾನ ನೀರಿನಲ್ಲಿದ್ದುದೆಂಬ ಧೈರ್ಯವೂ ಬೇಡ. ಶಿವಮೊಗ್ಗದಲ್ಲಿ ಹತ್ತು ವರ್ಷ ಬೇರೆ ಹೆಸರಿನಲ್ಲಿ ಕುಳಿತಿದ್ದ ಬಾಣಗಳಂತೆ, ಇನ್ನಾವ ಹೆಸರಿನಲ್ಲಿಯೋ ಯಾರ ಅಟ್ಟದ ಮೇಲೆಯೋ ಇನ್ನಷ್ಟು ಕೊಳವೆಗಳು ಇರಬಹುದು.